ನೆಣದ ಸಮೇತ ಬಾಡು ಒಣಗಿಸೋಕೆ ಹೋಗಬೇಡಿ

ಕಳೆದ ಆಷಾಢದಲ್ಲಿ ಊರಹಬ್ಬ ಮುಗಿಸಿಕೊಂಡು ಬರುವಾಗ ಗುಡ್ಡೆ ಬಾಡಿನಲ್ಲಿ ನಮ್ಮ ಪಾಲು ಮೂರು ಕೆಜಿ ತಂದಿದ್ದೆ. ಚೆನ್ನಾಗಿ ಬಲಿತ ಕುರಿ. ತುಂಡು ತುಂಡಿಗೂ ಬೆರಳು ದಪ್ಪ ನೆಣ. ಅರ್ಧ ಸಾರಿಗೆ ಹೋಯಿತು, ಉಳಿದದ್ದನ್ನು ಉಪ್ಪುಕಂಡ ಮಾಡೋಣ ಅಂತ ಹೊರಟೆ. ಕರಿದಾಗ ನೆಣ ಗರಿಗರಿ ಆಗುತ್ತದಲ್ಲ, ಅದರ ಆಸೆಗೆ ಒಂದು ಚೂರೂ ತೆಗೆಯಲಿಲ್ಲ.

ಉಪ್ಪು, ಅರಿಶಿನ, ಖಾರದ ಪುಡಿ, ಬೆಳ್ಳುಳ್ಳಿ ಹಚ್ಚಿ, ದಾರಕ್ಕೆ ಪೋಣಿಸಿ ಬಾಲ್ಕನಿಯಲ್ಲಿ ಕಟ್ಟಿದೆ. ಬೆಂಗಳೂರಿನ ಜುಲೈ ಗೊತ್ತಲ್ಲ, ಅರ್ಧ ಗಂಟೆ ಬಿಸಿಲು, ಆಮೇಲೆ ಸಂಜೆವರೆಗೂ ಜಿಟಿಜಿಟಿ. ಎರಡನೇ ದಿನ ಮುಟ್ಟಿದರೆ ಅಂಟಂಟು. ಗಾಬರಿಯಾಗಿ ಓವನ್ನಿಗೆ ಹಾಕಿ ಜೋರಾಗಿ ಬಿಸಿ ಕೊಟ್ಟೆ. ಮೇಲ್ಭಾಗ ಚರ್ಮದ ಹಾಗೆ ಗಟ್ಟಿಯಾಯಿತು, ಒಳಗಿನ ನೀರು ಒಳಗೇ ಉಳಿಯಿತು. ನನಗೇನು ಗೊತ್ತು? ಗಾಜಿನ ಭರಣಿಗೆ ತುಂಬಿ ಮುಚ್ಚಳ ಬಿಗಿದೆ.

ಹದಿನೈದು ದಿನ ಬಿಟ್ಟು ತೆಗೆದರೆ ನೆಣ ಹಳದಿ ತಿರುಗಿತ್ತು. ಹಳೇ ಎಣ್ಣೆ ಡಬ್ಬದಂಥ ಕಮಟು ವಾಸನೆ. ಒಂದು ತುಂಡು ಮುರಿಯಲು ನೋಡಿದೆ, ಬಾಗಿತೇ ಹೊರತು ಮುರಿಯಲಿಲ್ಲ. ಕತ್ತರಿಸಿದರೆ ನಡುವೆ ಇನ್ನೂ ಕೆಂಪು, ಒದ್ದೆ. ಆಗಲೇ ಎಸೆಯಬೇಕಿತ್ತು. ಕರಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡೆ. ತಿಂದಿದ್ದು ನಾಲ್ಕೇ ತುಂಡು. ರಾತ್ರಿಯೆಲ್ಲ ವಾಂತಿ, ಭೇದಿ, ಬೆಳಿಗ್ಗೆ ಕೈಗೆ ಡ್ರಿಪ್ಸ್. ಕೆಲವು ಕ್ರಿಮಿ ಬಿಟ್ಟ ವಿಷ ಕರಿದರೂ ಹೋಗಲ್ಲ ಕಣ್ರೀ ಅಂತ ಡಾಕ್ಟರ್ ಬೈದರು.

ಅಮ್ಮನಿಗೆ ಫೋನ್ ಮಾಡಿದರೆ ಒಂದೇ ಮಾತು: "ಲೋ, ನೆಣ ಎಲ್ಲಾದರೂ ಒಣಗುತ್ತೇನೋ?"

ನಿಜ ಅಲ್ವಾ? ಬರೀ ಬಾಡಿನಲ್ಲಿ ಮುಕ್ಕಾಲು ಪಾಲು ನೀರು, ಅದು ಬಿಸಿಲಿಗೆ ಆರುತ್ತದೆ. ಕೊಬ್ಬು ಆರುವುದಿಲ್ಲ, ಗಾಳಿ ಬೆಳಕು ತಾಗಿದಷ್ಟೂ ಕಮಟಾಗುತ್ತದೆ. ಉತ್ತರ ಅಮೆರಿಕದ ಮೂಲನಿವಾಸಿಗಳು ಮಾಡುತ್ತಿದ್ದ ಪೆಮಿಕನ್ ಅನ್ನುವ ಒಣಮಾಂಸದ ತಿನಿಸಿನಲ್ಲಿ ಹೆಚ್ಚುಕಮ್ಮಿ ಅರ್ಧ ಕೊಬ್ಬೇ, ಆದರೂ ತಿಂಗಳುಗಟ್ಟಲೆ ಇರುತ್ತಿತ್ತು. ಅವರು ನೆಣವಿಲ್ಲದ ಬೈಸನ್ ಮಾಂಸವನ್ನು ತೆಳ್ಳಗೆ ಸೀಳಿ, ಪುಡಿಯಾಗುವಷ್ಟು ಒಣಗಿಸಿ ಕುಟ್ಟುತ್ತಿದ್ದರು. ಕೊಬ್ಬನ್ನು ಬೇರೆಯೇ ಕರಗಿಸಿ ಆಮೇಲೆ ಬೆರೆಸುತ್ತಿದ್ದರು. ನಮ್ಮಜ್ಜಿಯೂ ನೆಣ ಬಿಡಿಸಿ ಸಾರಿಗೇ ಹಾಕುತ್ತಿದ್ದಳು. ಉಪ್ಪುಕಂಡ ಕಟ್ಟುತ್ತಿದ್ದುದು ಶಿವರಾತ್ರಿ ಕಳೆದು ಬಿಸಿಲು ಸುಡತೊಡಗಿದ ಮೇಲೆ. ನಾನು ಎರಡನ್ನೂ ಮರೆತೆ.

ಮಳೆಗಾಲದಲ್ಲಿ ಮಾಡಲೇಬೇಕು ಅನ್ನುವವರು ಡಿಹೈಡ್ರೇಟರ್, ಅಂದರೆ ಬಿಸಿಗಾಳಿಯಲ್ಲಿ ಒಣಗಿಸುವ ಯಂತ್ರ, ತೆಗೆದುಕೊಳ್ಳಿ. ಮೊದಲು ಮಾಂಸದ ಒಳಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟುವಷ್ಟು ಬೇಯಿಸಿ, ಆಮೇಲೆ 55ರಿಂದ 60 ಡಿಗ್ರಿಯಲ್ಲಿ ನಿಧಾನಕ್ಕೆ ಒಣಗಿಸಿ. ಥರ್ಮಾಮೀಟರ್ ಇಲ್ಲದೆ ಸುಮ್ನೆ ಅಂದಾಜಿಗೆ ಮಾಡಬೇಡಿ.

ಆ ಭರಣಿಯನ್ನು ಸೋಪು, ಹುಣಸೆಹಣ್ಣು, ಬಿಸಿನೀರು ಎಲ್ಲ ಹಾಕಿ ತೊಳೆದೆ. ಮುಚ್ಚಳದ ರಬ್ಬರ್‌ಗೆ ಮೂಗಿಟ್ಟರೆ ಈಗಲೂ ಅದೇ ಕಮಟು.