‘ರೈಡರ್‌ಗಳ ಸಲಹೆಯಿಂದ ಸುಧಾರಿಸಿದ ರೂಟ್’ ಅಂದ್ರೆ ನಂಬಿ ದುಡ್ಡು ಕೊಡಬೇಡಿ

ಸೈಕಲ್‌ನಲ್ಲಿ ದೂರದ ಟೂರ್ ಹೋಗುವವರು, ಅದರಲ್ಲೂ ರೂಟ್ ಫೈಲ್ ದುಡ್ಡು ಕೊಟ್ಟು ತಗೊಳ್ಳುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಮಾರಿದವರ ಹೆಸರು ಹಾಕುತ್ತಿಲ್ಲ. ಅವರು ಆಡಿದ ಆಟ ಮಾತ್ರ ಹೇಳುತ್ತೇನೆ.

ಇಂಥ ಫೈಲ್ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಒಂದು ಜಿಪಿಎಕ್ಸ್ (ಫೋನ್‌ನಲ್ಲೋ ಜಿಪಿಎಸ್‌ನಲ್ಲೋ ಹಾಕಿ ದಾರಿ ನೋಡುವ, ಬಿಂದು ಬಿಂದು ಸೇರಿಸಿದ ಫೈಲ್), ನೀರು ಸಿಗುವ ಜಾಗದ ಗುರುತುಗಳು, ಏರು ಇಳಿಜಾರಿನ ಗ್ರಾಫ್. ಜೊತೆಗೆ ‘ಸಲಹೆ ಕಳಿಸಿ, ಎಲ್ಲರೂ ಸೇರಿ ರೂಟ್ ಚೆನ್ನಾಗಿ ಮಾಡೋಣ’ ಅನ್ನುವ ಸಾಲು. ಆ ಸಾಲು ನೋಡಿಯೇ ನಾನು ತಗೊಂಡದ್ದು.

ರೂಟ್‌ನಲ್ಲಿ ಒಂದು ಸುರಂಗ ಬರುತ್ತದೆ. ಒಳಗೆ ದೀಪ ಇಲ್ಲ, ಅಂಚಿನಲ್ಲಿ ಒಂದು ಅಡಿ ಜಾಗವೂ ಇಲ್ಲ, ನಡುವೆ ರಸ್ತೆ ತಿರುಗುತ್ತದೆ. ಲಗೇಜ್ ಕಟ್ಟಿದ ಸೈಕಲ್‌ನಲ್ಲಿ ನಾನು ಒಳಗಿದ್ದಾಗ ಹಿಂದಿನಿಂದ ಲಾರಿ ಬಂತು. ಗೋಡೆಗೆ ಪ್ಯಾನಿಯರ್ (ಸೈಕಲ್ ಪಕ್ಕಕ್ಕೆ ತೂಗುಹಾಕುವ ಚೀಲ) ಉಜ್ಜಿಕೊಂಡು ನಿಂತೆ. ಆಮೇಲೆ ವಿಚಾರಿಸಿದರೆ ಗುಡ್ಡದ ಮೇಲೆ ಹಳೆಯ ರಸ್ತೆ ಇದೆ, ಗಾಡಿಗಳಿಗೆ ಮುಚ್ಚಿದ್ದಾರೆ, ಸೈಕಲ್ ಆರಾಮಾಗಿ ಹೋಗುತ್ತದೆ! ನಾನೇ ವಾಪಸ್ ಬಂದು ಆ ರಸ್ತೆ ತುಳಿದು, ಜಿಪಿಎಸ್‌ನಲ್ಲಿ ರೆಕಾರ್ಡ್ ಮಾಡಿ ಫೈಲ್ ಮಾರಿದವರಿಗೆ ಕಳಿಸಿದೆ. ಮುಂದೆ ಜಲ್ಲಿ ಕಿತ್ತುಹೋಗಿ ಸೈಕಲ್ ತಳ್ಳಬೇಕಾದ ಕಡೆಗೂ ಬೇರೆ ದಾರಿ ಹುಡುಕಿ ಕಳಿಸಿದೆ. ನೀರಿನ ಜಾಗಗಳು, ಎಲ್ಲಿ ಟಾರು ಮುಗಿಯುತ್ತದೆ, ಎಷ್ಟು ಅಗಲದ ಟೈರ್ ಬೇಕು, ಎಲ್ಲ ಬರೆದೆ. ರಾತ್ರಿ ಕೂತು ಬರೆದೆ. ದುಡ್ಡು ಕೇಳಲಿಲ್ಲ, ಹೆಸರೂ ಕೇಳಲಿಲ್ಲ.

ಮೊದಲ ಉತ್ತರ: ‘ತಮ್ಮ ಸಲಹೆ ನಮಗೆ ಅಮೂಲ್ಯ.’ ಸರಿ.

ಸುರಂಗದ ಬಗ್ಗೆ ಮತ್ತೆ ಬರೆದೆ. ಆಗ ಬಂದ ಉತ್ತರ ನೋಡಿ: ‘ನಮ್ಮ ಗ್ರಾಫ್‌ನಲ್ಲಿ ಆ ಜಾಗದಲ್ಲಿ ಏರು ಇದೆ. ಅಂದರೆ ರೂಟ್ ಗುಡ್ಡದ ಮೇಲಿಂದಲೇ ಹೋಗುತ್ತದೆ. ತಾವು ದಾರಿ ತಪ್ಪಿರಬಹುದು.’

ದಾರಿ ತಪ್ಪಿರಬಹುದು! ಅಲ್ರೀ, ಈ ಕೆಲಸ ಮಾಡುವವರಿಗೆ ಇಷ್ಟು ಗೊತ್ತಿರಬೇಡವೇ? ಎಷ್ಟೋ ಗ್ರಾಫ್‌ಗಳ ಎತ್ತರದ ಲೆಕ್ಕ 2000ರಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್‌ನಲ್ಲಿ ಅಳೆದ ದತ್ತಾಂಶದಿಂದ ಬರುತ್ತದೆ. ರಾಡಾರ್‌ಗೆ ಕಾಣುವುದು ಗುಡ್ಡದ ಮೈ, ಅದರೊಳಗಿನ ಸುರಂಗ ಅಲ್ಲ. ಹಾಗಾಗಿ ಸುರಂಗದಲ್ಲಿ ಹೋಗುವ ರೂಟ್‌ಗೂ ತಲೆಮೇಲಿನ ಗುಡ್ಡದ ಎತ್ತರವೇ ಸೇರಿಕೊಳ್ಳುತ್ತದೆ. ಗ್ರಾಫ್‌ನಲ್ಲಿ ದಿಢೀರ್ ಏರು, ದಿಢೀರ್ ಇಳಿತ ಕಂಡರೆ ಸುರಂಗ ಇರಬಹುದು ಅಂತ ಮ್ಯಾಪ್ ತೆಗೆದು ನೋಡಬೇಕು. ಇದನ್ನೂ ಬಿಡಿಸಿ ಬರೆದೆ. ಉತ್ತರವೇ ಇಲ್ಲ.

ಕೆಲವು ತಿಂಗಳ ಮೇಲೆ ‘ರೈಡರ್‌ಗಳ ಸಲಹೆಯೊಂದಿಗೆ ಹೊಸ ಆವೃತ್ತಿ, ಪರಿಣತರು ಪೂರ್ತಿ ಪರಿಶೀಲಿಸಿದ್ದು’ ಅಂತ ಜಾಹೀರಾತು ಬಂತು. ಹಳೆ ಫೈಲ್ ಕೊಂಡವರಿಗೂ ಮತ್ತೆ ಪೂರ್ತಿ ದುಡ್ಡು. ಸುರಂಗ ತೆಗೆದಿರುತ್ತಾರೆ ಅಂತ ಖುಷಿಯಿಂದ ಕೊಟ್ಟೆ. ನಾನು ಹೇಳಿದ್ದು ಸೇರಿದೆ ನೋಡಿ ಅಂತ ಗೆಳೆಯರಿಗೂ ಹೇಳಿಕೊಂಡೆ.

ಫೈಲ್ ತೆರೆದು ಹಿಗ್ಗಿಸಿ ನೋಡಿದೆ. ಕಂಪ್ಯೂಟರ್‌ನಲ್ಲಿ ಎಳೆದ ರೂಟ್ ರಸ್ತೆಯ ಗೆರೆ ಮೇಲೇ ನುಣ್ಣಗೆ ಕೂರುತ್ತದೆ. ತುಳಿದು ರೆಕಾರ್ಡ್ ಮಾಡಿದ್ದು ಆಚೀಚೆ ಸ್ವಲ್ಪ ಓಲಾಡುತ್ತದೆ. ಇಡೀ ಫೈಲ್ ನುಣ್ಣಗಿದೆ, ಜಲ್ಲಿ ತಪ್ಪಿಸುವ ಆ ಒಂದು ತುಂಡು ಮಾತ್ರ ಓಲಾಡುತ್ತಿದೆ. ಅದು ನನ್ನದೇ. ನಾನು ನೆರಳಿನಲ್ಲಿ ಸೈಕಲ್ ನಿಲ್ಲಿಸಿದ್ದ ಕಡೆ ಬಿಂದುಗಳು ಸಿಕ್ಕಾದ ದಾರದ ಹಾಗೆ ಗುಡ್ಡೆಯಾಗಿದ್ದವು. ಅದೂ ಹಾಗೇ ಇದೆ. ಒಂದು ಕಡೆ ನೀರಿನ ನಲ್ಲಿ ಇದೆಯಾ ಅಂತ ನೋಡಲು ಅಡ್ಡದಾರಿಯಲ್ಲಿ ಬೀಗ ಹಾಕಿದ ಗೇಟಿನವರೆಗೆ ಹೋಗಿ ವಾಪಸ್ ಬಂದಿದ್ದೆ. ‘ಈ ತುಂಡು ಕತ್ತರಿಸಿ’ ಅಂತ ಮೇಲ್‌ನಲ್ಲಿ ಬರೆದಿದ್ದೆ. ಕತ್ತರಿಸಿಲ್ಲ! ಈಗ ದುಡ್ಡು ಕೊಟ್ಟು ಕೊಂಡ ಪ್ರತಿಯೊಬ್ಬರೂ ಆ ಬೀಗದ ಗೇಟಿನವರೆಗೆ ಹೋಗಿ ವಾಪಸ್ ಬರಬೇಕು. ಇದು ಪರಿಣತರ ಪರಿಶೀಲನೆ!

ಸುರಂಗ? ಹಾಗೇ ಇದೆ. ಅದೇ ಸುರಂಗ, ಅದೇ ಸುಳ್ಳು ಗ್ರಾಫ್. ನನ್ನ ನೀರಿನ ಗುರುತುಗಳು ಬೇಕಾದವು, ಜಲ್ಲಿ ತಪ್ಪಿಸುವ ನನ್ನ ದಾರಿ ಬೇಕಾಯಿತು. ಜೀವ ಹೋಗುವ ಜಾಗದ ಮಾತು ಬೇಡವಾಯಿತು. ಗೆಳೆಯರಿಗೆ ಮುಖ ತೋರಿಸಲು ನಾಚಿಕೆಯಾಯಿತು.

ಕೇಳಿದೆ. ಉತ್ತರ: ‘ಕಳಿಸಿದ ಸಲಹೆಗಳೆಲ್ಲ ನಮ್ಮ ಸ್ವತ್ತು ಎಂಬ ಷರತ್ತಿಗೆ ತಾವು ಒಪ್ಪಿದ್ದೀರಿ.’ ನಾನು ಸ್ವತ್ತಿನ ಮಾತೇ ಎತ್ತಿರಲಿಲ್ಲ, ಸುರಂಗದ ಬಗ್ಗೆ ಕೇಳಿದ್ದೆ. ಮತ್ತೆ ಕೇಳಿದೆ. ‘ಮುಂದಿನ ಆವೃತ್ತಿಯಲ್ಲಿ ಪರಿಗಣಿಸುತ್ತೇವೆ. ತಮಗೆ ವಿಶೇಷ ರಿಯಾಯಿತಿ ಇದೆ.’ ಮೂರನೇ ಸಲ ಕೊಂಡುಕೊಳ್ಳಬೇಕಂತೆ!

ರೈಡರ್‌ಗಳ ಮಾತು ಕೇಳಿ ರೂಟ್ ಸರಿಮಾಡುವುದು ದೊಡ್ಡ ವಿದ್ಯೆ ಏನಲ್ಲ. ಅಮೆರಿಕದಲ್ಲಿ 1976ರಿಂದ ಇರುವ ಟ್ರಾನ್ಸ್‌ಅಮೆರಿಕ ಟ್ರೇಲ್ ಇದೆ, ಸುಮಾರು 6,800 ಕಿಲೋಮೀಟರ್. ಅದನ್ನು ನೋಡಿಕೊಳ್ಳುವ ಅಡ್ವೆಂಚರ್ ಸೈಕ್ಲಿಂಗ್ ಅಸೋಸಿಯೇಷನ್ ಮ್ಯಾಪ್‌ಗಳನ್ನು ಮಾರುತ್ತದೆ ನಿಜ, ಆದರೆ ತಿದ್ದುಪಡಿಗಳನ್ನು ಬಿಟ್ಟಿಯಾಗಿ ಹಾಕುತ್ತದೆ. ಬ್ರಿಟನ್‌ನ ಸಸ್ಟ್ರಾನ್ಸ್ ಅನ್ನುವ ಸಂಸ್ಥೆ 2020ರಲ್ಲಿ ತನ್ನದೇ ರಾಷ್ಟ್ರೀಯ ಸೈಕಲ್ ಜಾಲದ ಸುಮಾರು ಕಾಲು ಭಾಗವನ್ನು ಪಟ್ಟಿಯಿಂದ ಕೈಬಿಟ್ಟಿತು. ವಾಹನಗಳ ರಸ್ತೆಯಲ್ಲಿ ಅಷ್ಟು ಸುರಕ್ಷಿತವಲ್ಲ ಅನ್ನಿಸಿದ ತುಂಡುಗಳು ಅವು. ಅಷ್ಟು ದೊಡ್ಡವರಿಗೆ ಆಗುತ್ತದೆ, ಇವರಿಗೆ ಒಂದು ಸುರಂಗ ತೆಗೆಯಲು ಆಗುವುದಿಲ್ಲ.

ಕೊಳ್ಳುವ ಮೊದಲು ಒಂದೇ ಪ್ರಶ್ನೆ ಕೇಳಿ: ಹಿಂದಿನ ಆವೃತ್ತಿಗೂ ಇದಕ್ಕೂ ಏನೇನು ಬದಲಾಗಿದೆ, ಪಟ್ಟಿ ಕೊಡಿ. ಪಟ್ಟಿ ಕೊಡದಿದ್ದರೆ ಸುಮ್ನೆ ಬಿಟ್ಟುಬಿಡಿ. ಸಲಹೆ ಕಳಿಸಲೇಬೇಕು ಅನ್ನಿಸಿದರೆ, ಯಾರು ಬೇಕಾದರೂ ತಿದ್ದಬಹುದಾದ ಬಿಟ್ಟಿ ಮ್ಯಾಪ್ ಆದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನೀವೇ ತಿದ್ದಿ. ಸೈಕಲ್ ಬಿಡುತ್ತಾರಾ, ರಸ್ತೆಯ ಮೇಲ್ಮೈ ಎಂಥದ್ದು, ಕುಡಿಯುವ ನೀರು ಎಲ್ಲಿ ಅಂತ ಎಲ್ಲ ಅಲ್ಲಿ ಗುರುತು ಹಾಕಬಹುದು, ಎಲ್ಲರಿಗೂ ಸಿಗುತ್ತದೆ. ಹಳೆಯ ರಸ್ತೆಯನ್ನು ನಾನು ಈಗ ಅಲ್ಲಿ ಹಾಕಿದ್ದೇನೆ.

ದೂರದ ರೂಟ್ ಫೈಲ್ ಯಾರಿಂದ ಕೊಂಡಿದ್ದರೂ ಹೊರಡುವ ಮೊದಲು ಗ್ರಾಫ್‌ನಲ್ಲಿ ದಿಢೀರ್ ಏರು ಇಳಿತ ಇರುವ ಜಾಗಗಳನ್ನು ಮ್ಯಾಪ್‌ನಲ್ಲಿ ಹಿಗ್ಗಿಸಿ ನೋಡಿ. ಸುರಂಗ ಕಂಡರೆ ಪಕ್ಕದಲ್ಲೋ ಮೇಲೋ ಹಳೆ ರಸ್ತೆ ಇದೆಯಾ ಹುಡುಕಿ. ಇಲ್ಲದಿದ್ದರೆ ಆ ತುಂಡಿಗೆ ಬೇರೆ ವಾಹನ ಹತ್ತಿ, ಸೈಕಲ್‌ನಲ್ಲಿ ಒಳಗೆ ಹೋಗಬೇಡಿ.