ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ಸುಮ್ಮನಾಗಬೇಡಿ

‘ಆಪರೇಶನ್ ಇಲ್ಲದೆ ಮೂಲವ್ಯಾಧಿ ಗುಣಪಡಿಸಲಾಗುವುದು’ ಎಂಬ ಬೋರ್ಡು ನಂಬಿ ಒಳಗೆ ಹೋಗುವ ಮುನ್ನ ನಮ್ಮ ಜಿಲ್ಲೆಯವರು ಇದನ್ನೊಮ್ಮೆ ಓದಬೇಕೆಂದು ವಿನಂತಿ. ಕುಮಟಾ ತಾಲೂಕಿನಲ್ಲಿರುವ ನನ್ನ ಸೋದರಮಾವನಿಗೆ ಮಲದಲ್ಲಿ ರಕ್ತ ಕಾಣಿಸಿಕೊಂಡಾಗ, ಅಂಥದೊಂದು ಚಿಕಿತ್ಸಾಲಯದವರು ಅವರನ್ನು ಮಂಚದ ಮೇಲೆ ಮಲಗಿಸಿ ನೋಡುವ ಗೋಜಿಗೂ ಹೋಗದೆ, ಕುರ್ಚಿಯಲ್ಲಿ ಕೂರಿಸಿಯೇ ನಾಲ್ಕು ಮಾತು ಕೇಳಿ, ಚೀಟಿಯಲ್ಲಿ ಮೂಲವ್ಯಾಧಿಯೆಂದು ಬರೆದು, ಮುಲಾಮು ಮತ್ತು ಚೂರ್ಣದ ಪೊಟ್ಟಣ ಕೊಟ್ಟು ಕಳುಹಿಸಿದರು. ರಕ್ತ ನಿಂತಿಲ್ಲವೆಂದು ಮತ್ತೆ ಹೋದಾಗಲೂ ಸಿಕ್ಕಿದ್ದು ಅದೇ ಚೂರ್ಣ, ಜೊತೆಗೆ ‘ಉಷ್ಣದ ಪದಾರ್ಥ ಬಿಡಿ’ ಎಂಬ ಸಲಹೆ. ಮುರುಗಲು ಪಾನಕ, ಮಜ್ಜಿಗೆ ಕುಡಿಯುತ್ತ ಒಂದು ಮಳೆಗಾಲವೇ ಕಳೆಯಿತು. ತೋಟದ ಏರು ಹತ್ತುವಾಗ ಏದುಸಿರು ಬರತೊಡಗಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ಆ ವರದಿ ಕಂಡ ಬೇರೊಬ್ಬ ವೈದ್ಯರು ಕೈಗವಸು ತೊಟ್ಟು ಗುದದ್ವಾರದೊಳಗೆ ಬೆರಳಿಟ್ಟು ಪರೀಕ್ಷಿಸಿದರು. ಗಡ್ಡೆ ಬೆರಳಿಗೇ ಸಿಕ್ಕಿತು. ಮಂಗಳೂರಿನಲ್ಲಿ ಕೊಲೊನೊಸ್ಕೋಪಿ (ಗುದದ್ವಾರದ ಮೂಲಕ ಕ್ಯಾಮೆರಾ ಇರುವ ನಳಿಕೆ ತೂರಿಸಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ), ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು) ಆದ ಮೇಲೆ ಅದು ಗುದನಾಳದ ಕ್ಯಾನ್ಸರ್ ಎಂದು ಖಚಿತವಾಯಿತು.

ಮೂಲವ್ಯಾಧಿ ಇದ್ದವರಿಗೆ ಕ್ಯಾನ್ಸರ್ ಇರಬಾರದೆಂದೇನಿಲ್ಲ, ಎರಡೂ ಒಟ್ಟಿಗೆ ಇರಬಹುದು. ಮಲವಿಸರ್ಜನೆಯ ಕ್ರಮ ವಾರಗಟ್ಟಲೆ ಬದಲಾಗಿರುವುದು, ಹೋಗಿ ಬಂದರೂ ಪೂರ್ತಿಯಾಗಿಲ್ಲವೆನಿಸುವುದು, ಕಾರಣವಿಲ್ಲದೆ ತೂಕ ಇಳಿಯುವುದು ಇವೂ ಲಕ್ಷಣಗಳೇ. ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆಯಿದ್ದರೆ ರಕ್ತ ಕಣ್ಣಿಗೆ ಬೀಳದೆ, ರಕ್ತಹೀನತೆಯೊಂದೇ ಸುಳಿವಾಗಿ ಉಳಿಯುವುದೂ ಉಂಟು.

ಈ ಕ್ಯಾನ್ಸರ್ ಬಹುಪಾಲು ಪಾಲಿಪ್ ಎಂಬ ಸಣ್ಣ ಗಂಟಿನಿಂದ ಆರಂಭವಾಗಿ, ಬೆಳೆಯಲು ಸಾಮಾನ್ಯವಾಗಿ 10 ವರ್ಷದಷ್ಟು ಕಾಲ ತೆಗೆದುಕೊಳ್ಳುತ್ತದೆ; ಅಷ್ಟರೊಳಗೆ ಕೊಲೊನೊಸ್ಕೋಪಿಯಲ್ಲಿ ಕಂಡ ಪಾಲಿಪನ್ನು ಅಲ್ಲಿಯೇ ಕತ್ತರಿಸಿ ತೆಗೆದರೆ ರೋಗವನ್ನೇ ತಡೆದಂತಾಗುತ್ತದೆ. ಅಮೆರಿಕದಲ್ಲಿ ಲಕ್ಷಣವಿಲ್ಲದವರ ತಪಾಸಣೆಯ ವಯಸ್ಸನ್ನು 2021ರಲ್ಲಿ 50ರಿಂದ 45ಕ್ಕೆ ಇಳಿಸಿದ್ದಾರೆ. ನಮ್ಮ ಸರ್ಕಾರದ ತಪಾಸಣೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರಿಗೆ ಮೀಸಲಾಗಿರುವುದರಿಂದ ಇದನ್ನು ನಾವೇ ಕೇಳಿ ಮಾಡಿಸಿಕೊಳ್ಳಬೇಕು. ಮಲದಲ್ಲಿನ ಅಗೋಚರ ರಕ್ತ ಪತ್ತೆಹಚ್ಚುವ ಫಿಟ್ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿಸಬಹುದು. ಆದರೆ ರಕ್ತ ಕಣ್ಣಿಗೇ ಕಾಣುತ್ತಿರುವವರು ಫಿಟ್ ವರದಿಯನ್ನು ನೆಚ್ಚಿ ಕೂರದೆ ನೇರವಾಗಿ ವೈದ್ಯರಿಂದ ಪರೀಕ್ಷಿಸಿಕೊಳ್ಳಬೇಕು.

ಕೊಲೊನೊಸ್ಕೋಪಿಯಲ್ಲಿ ನಿಜವಾದ ಕಷ್ಟವೆಂದರೆ ಕರುಳು ಖಾಲಿ ಮಾಡಲು ಲೀಟರುಗಟ್ಟಲೆ ನೀರಿನಲ್ಲಿ ಕದಡಿ ಕುಡಿಯಬೇಕಾದ ಉಪ್ಪುಪ್ಪು ಔಷಧ. ಉಳಿದದ್ದು ನಿದ್ದೆಯ ಮಂಪರಿನಲ್ಲಿ ಮುಗಿಯುತ್ತದೆ. ಹಿಂದಿನ ದಿನ ಗಂಜಿಯ ತಿಳಿ, ಎಳನೀರು ಆದೀತು, ಆದರೆ ಕೆಂಪು ಬಣ್ಣ ಒಳಗೆ ರಕ್ತದಂತೆ ತೋರುವುದರಿಂದ ಮುರುಗಲು ಪಾನಕ ಬೇಡ.

ಸಸ್ಯಾಹಾರಿಗಳಿಗೆ ಇದು ಬಾರದೆಂದು ನಂಬಿದವರು ನಮ್ಮಲ್ಲಿ ಬಹಳ. ಸಂಸ್ಕರಿಸಿದ ಮಾಂಸ, ತಂಬಾಕು, ಮದ್ಯ, ಬೊಜ್ಜು ಇವೆಲ್ಲ ಅಪಾಯ ಹೆಚ್ಚಿಸುತ್ತವೆಂಬುದು ನಿಜ, ಆದರೆ ಮೊಟ್ಟೆಯನ್ನೂ ಮುಟ್ಟದ ನಮ್ಮ ಮಾವನಿಗೂ ಬಂತು. ಮನೆತನದಲ್ಲಿ ರೋಗವಿದ್ದರಂತೂ ಲೆಕ್ಕವೇ ಬೇರೆ: ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಬಂದಿದ್ದರೆ 40ನೇ ವಯಸ್ಸಿಗೆ, ಇಲ್ಲವೇ ಅವರಿಗೆ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆ ಬರುತ್ತದೋ ಆಗ ಕೊಲೊನೊಸ್ಕೋಪಿ ಆರಂಭಿಸಬೇಕು. ಮಾವನಿಗೆ ಪತ್ತೆಯಾದದ್ದು 48ರಲ್ಲಾದ್ದರಿಂದ ಅವರ ಮಕ್ಕಳಿಬ್ಬರಿಗೂ ವೈದ್ಯರು 38 ಎಂದು ಬರೆದುಕೊಟ್ಟಿದ್ದಾರೆ.