ಮೂಡಲ್ ಹಾಕೋದಾ, ಓಪನ್ ಎಡ್‌ಎಕ್ಸ್ ಹಾಕೋದಾ?

ಮೂಡಲ್, ಓಪನ್ ಎಡ್‌ಎಕ್ಸ್ ಎರಡೂ ಆನ್‌ಲೈನ್‌ನಲ್ಲಿ ಪಾಠ, ಪರೀಕ್ಷೆ ನಡೆಸಲು ನಮ್ಮ ಸರ್ವರ್‌ನಲ್ಲಿ ಹಾಕಿಕೊಳ್ಳುವ ತಂತ್ರಾಂಶಗಳು. ಧಾರವಾಡದ ಕೋಚಿಂಗ್ ಕ್ಲಾಸ್ ಇರಲಿ, ಹಾವೇರಿಯ ಪದವಿ ಕಾಲೇಜಿರಲಿ, ಸರ್ವರ್ ನೋಡಿಕೊಳ್ಳಲು ಒಬ್ಬರೇ ಇದ್ದರೆ ಮೂಡಲ್ ಹಾಕಿ. 2002ರಲ್ಲಿ ಬಂದ ಈ ತಂತ್ರಾಂಶ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಮಾರಿಯಾಡಿಬಿ ಅಥವಾ ಪೋಸ್ಟ್‌ಗ್ರೆಸ್ ಡೇಟಾಬೇಸ್ ಜತೆ ಸಣ್ಣ ವಿಪಿಎಸ್‌ನಲ್ಲೂ (ಬಾಡಿಗೆಯ ವರ್ಚುವಲ್ ಸರ್ವರ್) ಓಡುತ್ತದೆ.

ಓಪನ್ ಎಡ್‌ಎಕ್ಸ್ ಪೈಥಾನ್ ಭಾಷೆಯದು. ಟ್ಯೂಟರ್ ಎಂಬ ಅನುಸ್ಥಾಪನಾ ಸಾಧನ ಬಳಸಿ ಡಾಕರ್‌ನಲ್ಲಿ (ತಂತ್ರಾಂಶಗಳನ್ನು ಪ್ರತ್ಯೇಕ ಕಂಟೇನರ್‌ಗಳಲ್ಲಿ ಓಡಿಸುವ ವ್ಯವಸ್ಥೆ) ಹಾಕಬೇಕು. ಕನಿಷ್ಠ 4 ಜಿಬಿ ರ‍್ಯಾಮ್ ಬೇಕು, 8 ಇದ್ದರೆ ನೆಮ್ಮದಿ. ಮೈಎಸ್‌ಕ್ಯುಎಲ್, ಮಾಂಗೋಡಿಬಿ, ರೆಡಿಸ್ ಎಂಬ ಡೇಟಾ ಇಡುವ ತಂತ್ರಾಂಶಗಳೆಲ್ಲದರ ಮೇಲೂ ಕಣ್ಣಿಡಬೇಕು. ಸಾವಿರಾರು ಜನರಿಗೆ ವಿಡಿಯೋ ಪಾಠ, ನಡುನಡುವೆ ಪ್ರಶ್ನೆ ಅಂತಿದ್ದರೆ ಮಾತ್ರ ಈ ಖರ್ಚು ಸಾರ್ಥಕ.

ದಿನನಿತ್ಯದ ಅಸೈನ್‌ಮೆಂಟ್, ಕ್ವಿಜ್, ಅಂಕಪಟ್ಟಿಗೆ ಮೂಡಲ್ ಸಾಕು. ಅದರ ಮೊಬೈಲ್ ಆ್ಯಪ್ ನನಗಂತೂ ಬಹಳ ಇಷ್ಟ: ರೋಣ, ಶಿರಹಟ್ಟಿಯಿಂದ ಗದಗಿಗೆ ಬಸ್ಸಿನಲ್ಲಿ ಓಡಾಡುವ ಮಕ್ಕಳು ಕಾಲೇಜಿನ ವೈಫೈನಲ್ಲೇ ಪಾಠ ಇಳಿಸಿಕೊಂಡು ಮನೆಯಲ್ಲಿ ಓದಬಹುದು.

ಆದರೆ ಮೂಡಲ್ ಹಾಕಿ ಮರೆತುಬಿಡುವಂಥದ್ದಲ್ಲ. ನಿಗದಿತ ಕೆಲಸಗಳನ್ನು ತಾನಾಗಿ ಮಾಡುವ ಕ್ರಾನ್ ನಿಮಿಷಕ್ಕೊಮ್ಮೆ ಓಡಲೇಬೇಕು. ನಿಂತರೆ ಫೋರಂ ಇಮೇಲ್‌ಗಳೂ ಹೋಗುವುದಿಲ್ಲ. ಮಕ್ಕಳು ಹಾಕಿದ ಫೈಲುಗಳಿರುವ ಮೂಡಲ್‌ಡೇಟಾ ಫೋಲ್ಡರ್ ವೆಬ್ ಫೋಲ್ಡರಿನ ಹೊರಗಿರಲಿ. ಬರೀ ಡೇಟಾಬೇಸ್ ಬ್ಯಾಕಪ್ ತೆಗೆದರೆ ಮಕ್ಕಳು ಹಾಕಿದ ಫೈಲುಗಳು ಸಿಗುವುದಿಲ್ಲ, ಎರಡನ್ನೂ ಒಟ್ಟಿಗೆ ತೆಗೆಯಿರಿ. ಅಪ್‌ಗ್ರೇಡ್ ಮಾತ್ರ ಪರೀಕ್ಷೆ ಮುಗಿದ ಮೇಲೆ, ಅದೂ ಮೊದಲು ಒಂದು ನಕಲು ಸೈಟಿನಲ್ಲಿ ಮಾಡಿ ನೋಡಿ.